ಕಿಟಕಿಯಮ್ಮ

ಬಸ್ಸು ಬರುವ ಹೊತ್ತಾಗಿತ್ತು, ಬಂದಿರಲಿಲ್ಲ. ಹೊನ್ನೂರಿನ ಅರಳಿಕಟ್ಟೆಯ ಹತ್ತಿರ ಗುರುಮಲ್ಲಪ್ಪ ಹೆಂಡತಿಯಿಂದ ಒಂದು ಮಾರು ದೂರ ನಿಂತು ಅವಳ ಒದ್ದೆ ಕೂದಲನ್ನೇ ನೋಡುತ್ತಿದ್ದ. ಬೆಳಗ್ಗೆ ತಣ್ಣೀರಿನಲ್ಲಿ ಮಿಂದು ಹರಕೆಗೆಂದು ತುದಿಗಂಟು ಹಾಕಿ ಬಿಟ್ಟ ಕೂದಲು, ಕೈಯಲ್ಲಿ ಕಾಯಿ ಧೂಪದ ಬುಟ್ಟಿ. ಸುವರ್ಣಮ್ಮ ಯಾವತ್ತೂ ಹೀಗೇ ನಿಲ್ಲುವವಳು, ಯಾರೋ ಇಲ್ಲೇ ಇರು ಎಂದು ಹೇಳಿ ಮರೆತು ಹೋದ ಹಾಗೆ. ಇವತ್ತು ಮಾತ್ರ ಅದನ್ನು ನೋಡುವುದು ಅವನಿಗೆ ಕಷ್ಟವಾಯಿತು. ಅವ್ವ ಶಂಕರಮ್ಮ ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ಹೋಗಿ ಬರುವವರಿಗೆಲ್ಲ, ಕೇಳದಿದ್ದವರಿಗೂ ಕರೆದು ಹೇಳುತ್ತಿದ್ದಳು. "ಮಾದಪ್ಪನ ಬೆಟ್ಟಕ್ಕೆ ಕಣವ್ವಾ. ಸೊಸೆ ತಪ್ಪು ಮಾಡವ್ಳೆ. ತಪ್ಪುಕಾಣ್ಕೆ ಆಕ್ಸಿ ಉರುಳುಸೇವೆ ಮಾಡ್ಸ್ಬೇಕು. ಒಂದ್ ತಟ್ಟೆ ರೇಸ್ಮೆ ಉಳ ಉಳೀನಿಲ್ಲ." ಕೇಳಿದವರು ಸುವರ್ಣಮ್ಮನ ಕಡೆ ಒಂದು ಸಲ ನೋಡಿ, ಲೊಚಗುಟ್ಟಿ, ಮುಂದೆ ಹೋಗುತ್ತಿದ್ದರು. ಅವಳು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ತಪ್ಪು ಅವಳದಲ್ಲ. ಗುರುಮಲ್ಲಪ್ಪನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಒಂದು ವಾರದಿಂದ ಉಂಡಿದ್ದ, ಮಲಗಿದ್ದ, ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟಿದ್ದ. ಈಗಲೂ ಒಂದು ಮಾತು ಸಾಕು, ಈ ಪ್ರಯಾಣವೇ ಬೇಕಾಗುವುದಿಲ್ಲ. ಆದರೆ ಆ ಮಾತು ಆಡಿದ ದಿನವೇ ಹುಳದ ಮನೆಯ ಗೋಡೆಯ ಪೋಸ್ಟರಿನಲ್ಲಿರುವ ಕಿಟಕಿಯ ಹೆಂಗಸು ಅವ್ವನ ಒಲೆ ಸೇರುತ್ತಾಳೆ. ಹೆಂಡತಿಯ ಮಾನ ಒಂದು ಕಡೆ, ಕಾಗದದ ಹೆಂಗಸು ಇನ್ನೊಂದು ಕಡೆ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಿಯಾರು. ಅವನೂ ತನ್ನನ್ನು ಹಾಗೇ ಕೇಳಿಕೊಂಡಿದ್ದ, ಕೇಳಿಕೊಂಡು ಮಗ್ಗುಲು ಬದಲಾಯಿಸಿದ್ದ. ನಾಳೆ ಹೇಳೋಣ ಎಂಬುದು ಎಂಥ ಹಿತವಾದ ಮಾತು. ನಾಳೆ ನಾಳೆ ಎಂದು ಸೋಮವಾರ ಬಂದೇಬಿಟ್ಟಿತ್ತು, ಅದರ ಹಿಂದೆ ಧೂಳೆಬ್ಬಿಸುತ್ತ ಬಸ್ಸೂ ಬಂತು.

ಅವ್ವ ಮುಂದಿನ ಸೀಟಿನಲ್ಲಿ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಅವನು ಹಿಂದೆ ಕಿಟಕಿಯ ಬಳಿ ಕೂತ. ಹೋದ ವಾರ ಹುಳು ನಾಲ್ಕನೆಯ ಜ್ವರ, ಎಂದರೆ ಕೊನೆಯ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿದ್ದವು, ಇನ್ನೇನು ವಾರದೊಳಗೆ ಹಣ್ಣಾಗಿ ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟಬೇಕು. ಆಗ ಸೊಪ್ಪು ಬಿಟ್ಟು ತಲೆ ಎತ್ತಿದವು, ಹಸಿರು ಹಸಿರಾಗಿ ಕಕ್ಕಿದವು, ಕುಗ್ಗಿದವು. ಮೂಡಲ ಗೋಡೆಯ ಕೆಳಗಿನ ತಟ್ಟೆಗಳಲ್ಲಿ ಮೊದಲು, ಆಮೇಲೆ ಪಕ್ಕದವುಗಳಲ್ಲಿ. ಅವ್ವ ಬಾಗಿಲಲ್ಲೇ ನಿಂತು ತೀರ್ಮಾನ ಕೊಟ್ಟಿದ್ದಳು. ಕೊರಳಲ್ಲಿ ಲಿಂಗವಿದ್ದವರಿಗೆ ಮುಟ್ಟಿಲ್ಲ, ಮೈಲಿಗೆಯಿಲ್ಲ ಎಂದು ಗುರುಗಳು ಹೇಳಿಕೊಟ್ಟ ಮನೆ ಅದು. ಅಡುಗೆಗೂ ಇಲ್ಲ, ಪೂಜೆಗೂ ಇಲ್ಲ. ಹುಳದ ಮನೆಗೆ ಮಾತ್ರ ಇತ್ತು. ಹುಳಕ್ಕೆ ಗುರುಗಳ ಮಾತು ಗೊತ್ತಿಲ್ಲವಲ್ಲ! "ಆ ಮೂರ್ ದಿನ್ದಲ್ಲಿ ಒಳಕ್ ಓಗಿದ್ದೀಯ ಕಣಮ್ಮಿ ನೀನು" ಎಂದಿದ್ದಳು ಅವ್ವ. ಸುವರ್ಣಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ನೀವ್ ಹೇಳ್ದಂಗೇ ಆಗ್ಲಿ ಅತ್ತೆ" ಎಂದು ಸತ್ತ ಹುಳವನ್ನು ಮಂಕರಿಗೆ ತುಂಬಿಕೊಂಡು ತಿಪ್ಪೆಯ ಕಡೆ ಹೋಗಿದ್ದಳು.

ಅವತ್ತು ಸಂಜೆ ಅವನೊಬ್ಬನೇ ಒಳಗೆ ಹೋಗಿದ್ದ. ಬರಿಯ ತಟ್ಟೆಗಳು, ಹಂಚಿನ ಸಂದಿಯಿಂದ ಓರೆಯಾಗಿ ಬಿದ್ದ ಬಿಸಿಲು. ಆ ಬಿಸಿಲಿನಲ್ಲಿ ಅಟ್ಟಣೆಯ ಬೊಂಬಿನ ಮೇಲೆ ಏನೋ ಪುಡಿ ಕಂಡಿತು, ನೀಲಿಯೂ ಅಲ್ಲ ಹಸಿರೂ ಅಲ್ಲ. ತಲೆಯೆತ್ತಿ ನೋಡಿದರೆ ಮೇಲೆ ಅವಳು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ ದೊಡ್ಡ ಪೋಸ್ಟರಿನ ಹೆಂಗಸು. ಹಾಳೆಯ ಕೆಳಗಂಚನ್ನು ಎತ್ತಿದ. ಹಿಂದೆ ಹಳೆಯ ಗೋಂದು ಗಟ್ಟಿಕಟ್ಟಿ, ಬೇಸಗೆಯ ಕಾವಿಗೆ ಬಿರುಕುಬಿಟ್ಟು ನಿಂತಿತ್ತು. ಬೆರಳು ತಾಗಿದ್ದೇ ತಡ ಚಕ್ಕೆಚಕ್ಕೆಯಾಗಿ ಅಂಗೈಗೆ ಉದುರಿತು. ಕೊಳ್ಳೇಗಾಲದ ಟಾಕೀಸಿಗೆ ಪೋಸ್ಟರ್ ಅಂಟಿಸುವ ಕೆಂಚಯ್ಯ ಎಂದೋ ನಗುತ್ತ ಹೇಳಿದ್ದು ನೆನಪಿಗೆ ಬಂತು: ಗೋಂದಿಗೆ ಮೈಲುತುತ್ತದ ನೀಲಿ ವಿಷ ಕಲಸದಿದ್ದರೆ ಬೀದಿಯ ದನ ಪೋಸ್ಟರನ್ನೇ ಮೇಯ್ದುಬಿಡುತ್ತವೆ. ದನಕ್ಕೆ ಆಗದ್ದು ಹುಳಕ್ಕೆ ಆದೀತೆ? ಅವನು ಅಂಗೈ ಮುಚ್ಚಿದ. ಯಾರೂ ನೋಡುತ್ತಿಲ್ಲವೆಂದು ನೋಡಿಕೊಂಡು ಪಂಚೆಗೆ ಒರೆಸಿಕೊಂಡ. ಹುಳ ಸತ್ತದ್ದು ತಿಳಿಯದೆ ಆದದ್ದು, ಯಾರಿಂದ ಬೇಕಾದರೂ ಆಗಬಹುದಾದದ್ದು. ಆ ಒರೆಸಿಕೊಂಡದ್ದಿದೆಯಲ್ಲ, ಅದು ತಿಳಿದೇ ಮಾಡಿದ್ದು.

ಬಸ್ಸು ಯಳಂದೂರು ಬಿಟ್ಟಿತು. ಹೊಳೆ ದಾಟಿ ಕೊಳ್ಳೇಗಾಲದ ಕಡೆ ಹೋಗುವುದೆಂದರೆ ಒಂದು ಕಾಲದಲ್ಲಿ ಬೇರೆ ರಾಜ್ಯಕ್ಕೆ ಹೋಗುವುದು. ಕೊಳ್ಳೇಗಾಲ ಕೊಯಮತ್ತೂರಿನ ಲೆಕ್ಕದಲ್ಲಿತ್ತು, ಯಳಂದೂರು ಮೈಸೂರಿನದು. ಐವತ್ತಾರರಲ್ಲಿ ಎರಡೂ ಒಂದಾದಾಗ ಊರವರೆಲ್ಲ ಬಾವುಟ ನೋಡಲು ಹೋಗಿದ್ದರು. ಗುರುಮಲ್ಲಪ್ಪ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೇ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ಹುಡುಗ, ಬಾವುಟ ನೋಡಲಿಲ್ಲ. ಕೊಳ್ಳೇಗಾಲದ ಮಂಡಿಯ ಗೋಡೆಯ ಮೇಲೆ ಪೋಸ್ಟರಿನಲ್ಲಿ ಒಬ್ಬಳು ಮೆಟ್ಟಿಲು ಇಳಿಯುತ್ತಿದ್ದಳು. ಯಾವ ಊರಿನ ಮೆಟ್ಟಿಲೋ, ಯಾವ ದೇಶದ ದೀಪವೋ. ಭಾನುವಾರ ಬೆಳಗಿನ ಆಟಕ್ಕೆ ಎಲ್ಲ ಊರು ಸುತ್ತಿ ಸವೆದುಹೋದ ಹಾಲಿವುಡ್ಡಿನ ಹಳೆಯ ಚಿತ್ರಗಳು ಬರುತ್ತಿದ್ದವು; ಅವುಗಳ ಡಬ್ಬದ ಜೊತೆ ಮಡಿಸಿ ಮಡಿಸಿ ಗೆರೆಬಿದ್ದ ಪೋಸ್ಟರುಗಳು. ಆಟ ಮುಗಿದ ಮೇಲೆ ಅವು ಯಾರಿಗೂ ಬೇಡ. ಅವನಿಗೆ ಬೇಕಾದವು. ಕುದುರೆಯ ಮೇಲಿನ ಟೋಪಿಯವನು, ಉರಿಯುವ ಹಡಗು, ಕುಣಿಯುತ್ತ ಕುಣಿಯುತ್ತ ನಿಂತುಬಿಟ್ಟ ಗಂಡು ಹೆಣ್ಣು. ಪಿಕ್ಚರು ನೋಡಿದರೆ ನಿರಾಸೆಯೇ ಹೆಚ್ಚು. ಮಾತು ತಿಳಿಯದು, ಎರಡು ಗಂಟೆಗೆ ಮುಗಿದುಹೋಗುತ್ತದೆ. ಪೋಸ್ಟರು ಮುಗಿಯುವುದಿಲ್ಲ. ಅದರಲ್ಲಿ ಏನೋ ಇನ್ನೇನು ಆಗಬೇಕು ಎನ್ನುವಷ್ಟರಲ್ಲಿ ನಿಂತಿರುತ್ತದೆ, ವರ್ಷಗಟ್ಟಲೆ ನಿಂತೇ ಇರುತ್ತದೆ. ಹತ್ತು ವರ್ಷದಿಂದ ಅವನು ಸೈಕಲ್ ತುಳಿದು ತುಳಿದು ತಂದದ್ದು ಅದನ್ನು.

ಇಡುವುದೆಲ್ಲಿ? ಮನೆಯ ಪಡಸಾಲೆಯಲ್ಲಿ ಶಿವನ ಪಟದ ಪಕ್ಕ ಬಿಳಿ ಹೆಂಗಸರ ಪಟ ಹಾಕಿದರೆ ಊರು ನಗುತ್ತದೆ. ಹುಳದ ಮನೆಗೆ ಮಾತ್ರ ಹೊರಗಿನವರು ಕಾಲಿಡುವಂತಿಲ್ಲ, ಚಪ್ಪಲಿಯಿಲ್ಲ, ಒಗ್ಗರಣೆಯ ವಾಸನೆಯೂ ಕೂಡದು. ಅಲ್ಲಿ ಕಟ್ಟಿದ. "ಗೋಡೆ ಮಣ್ಣು ತಟ್ಟೆಗ್ ಉದುರ್ದಂಗೆ" ಎಂದು ಸುವರ್ಣಮ್ಮನಿಗೆ ಸಬೂಬು ಹೇಳಿದ್ದ. ಅವಳು "ಊಂ" ಎಂದಿದ್ದಳು. ದಿನವೆಲ್ಲ ಒಳಗಿದ್ದು ಸೊಪ್ಪು ಹೆಚ್ಚುವವಳು, ಹಾಕುವವಳು, ಕಸ ತೆಗೆಯುವವಳು ಅವಳು; ಅವನು ಹೋಗಿ ಬರುವವನು. ಅವಳಿಗೆ ಅವು ಕಾಣುತ್ತವೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಗೋಡೆ ಕಾಣುವಂತೆ ಕಾಣುತ್ತವೆ ಎಂದುಕೊಂಡಿದ್ದ.

ಕಿಟಕಿಯವಳು ಬಂದದ್ದು ಕಳೆದ ವರ್ಷ. ಎರಡು ಹಾಳೆಯ ದೊಡ್ಡ ಪೋಸ್ಟರು. ಮೇಲಿನ ಹಾಳೆಯಲ್ಲಿ ಒಂದು ಕಿಟಕಿ, ಕಿಟಕಿಯಲ್ಲಿ ಹಸಿರು ಕೋಟಿನ ಹೆಂಗಸು, ಗಲ್ಲಕ್ಕೆ ಕೈಯಿಟ್ಟು ಕೆಳಗೆ ಬೀದಿಯ ಕಡೆ ನೋಡುತ್ತಿದ್ದಾಳೆ. ಕೆಳಗಿನ ಹಾಳೆಯಲ್ಲಿ ಬೀದಿಯಲ್ಲಿ ಬರುವ ಒಬ್ಬ ಗಂಡಸು ಇದ್ದನಂತೆ. ಕೆಂಚಯ್ಯನಲ್ಲಿ ಅವತ್ತು ಬೆಳಗ್ಗೆ ಮೈಲುತುತ್ತ ಮುಗಿದಿತ್ತು, ಬರೀ ಗೋಂದಿನಲ್ಲಿ ಅಂಟಿಸಿದ. ಮಧ್ಯಾಹ್ನದೊಳಗೆ ಒಂದು ಹಸು ಗಂಡಸನ್ನೂ ಚಿತ್ರದ ಹೆಸರನ್ನೂ ಬೀದಿ ಸಮೇತ ತಿಂದು ಮುಗಿಸಿತು. ಸಂಜೆ ಕೆಂಚಯ್ಯ ಸಿಟ್ಟಿನಿಂದ ತುತ್ತ ತಂದು ಕಲಸಿ, ಜೋತುಬಿದ್ದಿದ್ದ ಮೇಲಿನ ಹಾಳೆಯನ್ನು ಭದ್ರವಾಗಿ ಮೆತ್ತಿದ. ವಾರದ ಮೇಲೆ ಗುರುಮಲ್ಲಪ್ಪ ನೀರು ಚಿಮುಕಿಸಿ, ಉಗುರಿನಿಂದ ಬಿಡಿಸಿ ತಂದದ್ದು ಅದನ್ನೇ. ಪಿಕ್ಚರು ನೋಡಿರಲಿಲ್ಲ, ಆ ಭಾನುವಾರ ಮನೆಯಲ್ಲಿ ಹುಳು ಹಣ್ಣಾಗಿದ್ದವು. ಹಾಳೆಯ ಕೆಳತುದಿಯಲ್ಲಿ ಗಂಡಸಿನ ಟೋಪಿಯ ನೆತ್ತಿ ಮಾತ್ರ ಉಳಿದಿತ್ತು. ಅವನು ಎಷ್ಟೋ ಸಂಜೆ ಆ ಟೋಪಿಯ ಕೆಳಗೆ ತನ್ನನ್ನು ಇಟ್ಟು ನೋಡಿಕೊಂಡಿದ್ದ. ಅವನಿಗೆ ಬೇಕಾಗಿದ್ದದ್ದು ಬಿಳಿ ಹೆಂಗಸಲ್ಲ, ದೇವರಾಣೆಗೂ ಅಲ್ಲ. ತನಗಾಗಿ ಯಾರಾದರೂ ಹಾಗೆ ಕಾಯಬೇಕು, ಬೀದಿಯ ಕೊನೆಯಲ್ಲಿ ತಾನು ಕಾಣುವ ಮೊದಲೇ ಯಾರದಾದರೂ ಕಣ್ಣು ಅಲ್ಲಿರಬೇಕು, ಅಷ್ಟೆ. ಹಾಗೆಂದು ಯಾರಿಗೆ ಹೇಳುವುದು? ಹೊನ್ನೂರಿನಲ್ಲಿ ಮೂವತ್ತು ಮುಟ್ಟಿದ ಗಂಡಸು ಹೇಳುವ ಮಾತೇ ಅದು?

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಇಳಿಯುತ್ತಿದ್ದಂತೆ, ಯಾರನ್ನು ನೋಡಬಾರದು ಎಂದುಕೊಂಡಿದ್ದನೋ ಅವನೇ, ನಿಲ್ದಾಣದ ಗೋಡೆಗೆ ಏಣಿ ಹಾಕಿ ನಿಂತಿದ್ದ ಕೆಂಚಯ್ಯ, ಅಲ್ಲಿಂದಲೇ ಕೂಗಿದ. "ಬನ್ನಿ ಸಾ, ಬನ್ನಿ! ನಿಮ್ಗೇ ಅಂತ ಒಂದ ಮಡಗಿವ್ನಿ. ಇಂಗ್ಲೀಸ್ದು. ಗೋಡೆಗ್ ಅಂಟ್ಸೇ ಇಲ್ಲ." ಕೆಳಗಿಳಿದು, ಗೋಂದಿನ ಕೈಯನ್ನು ತಲೆವಸ್ತ್ರಕ್ಕೆ ಒರೆಸಿಕೊಂಡು, ಸುರುಳಿಯನ್ನು ಅವನ ಕೈಗಿಟ್ಟ. ಹಲ್ಲು ಕಿರಿದ. "ಆ ಕಿಟಕಿ ಅಮ್ಮಯ್ಯ ಚೆಂದಾಗವ್ಳಾ ಸಾ? ಅವಳ್ಗೇ ಅಂತ ಆವತ್ತು ಎರಡ್ ಪಾಲು ತುತ್ತ ಕಲ್ಸಿದ್ದೆ. ದನ ಅಂಗಿರ್ಲಿ, ಇರ್ವೆ ಮೂತಿ ಇಕ್ಕುದ್ರೂ ಅಲ್ಲೇ ಗೊಟಕ್!" ಗುರುಮಲ್ಲಪ್ಪನಿಗೆ ಕಿವಿ ಬಿಸಿಯಾಯಿತು. ಬಕೀಟಿನಲ್ಲಿ ಗೋಂದು ತಿಳಿನೀಲಿಯಾಗಿ ಕುಳಿತಿತ್ತು, ನಡುಹಗಲಿನಲ್ಲಿ, ಎಲ್ಲರ ಎದುರಿಗೆ. ಅವ್ವ ಹುಬ್ಬು ಗಂಟಿಕ್ಕಿದಳು. "ಯಾರ್ಲಾ ಅದು ಅಮ್ಮಯ್ಯ?"

"ಯಾರೂ ಇಲ್ಲ ಕಣವ್ವ. ಸಿನಿಮಾ ಚೀಟಿ."

"ದೇವ್ರ ತಾವ್ಕೆ ಓಗೋರು ಕಂಕ್ಳಲ್ಲಿ ಸಿನಿಮಾ ಚೀಟಿ ಇರಿಕ್ಕಂಡ್ ಓದಾರಾ? ಒಳ್ಳೆ ಮಗನ ಎತ್ತಿವ್ನಿ" ಎಂದಳು ಅವ್ವ. ಸುತ್ತಲಿದ್ದವರು ನಕ್ಕರು. ಸುರುಳಿಯನ್ನು ಹಿಂದಕ್ಕೆ ಕೊಡಬೇಕೆಂದುಕೊಂಡ, ಕೊಡಲಿಲ್ಲ, ಕೈ ಕೇಳಲಿಲ್ಲ. ಆಗ ಸುವರ್ಣಮ್ಮನ ಕಡೆ ನೋಡಿದ. ಅವಳು ಬಕೀಟನ್ನು ನೋಡುತ್ತಿದ್ದಳು. ಅವನು ನೋಡಿದ್ದು ಗೊತ್ತಾಗಿ ಸರಕ್ಕನೆ ಕಣ್ಣು ತಗ್ಗಿಸಿದಳು, ಕಳ್ಳತನ ಮಾಡಿದ್ದು ತಾನೇ ಎಂಬಂತೆ. ಹನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತಗ್ಗಿಸಿದ ಕಣ್ಣು ಅವನನ್ನು ಬಿಡಲಿಲ್ಲ. ಇಲ್ಲ, ಅವಳಿಗೇನು ಗೊತ್ತು, ಬಕೀಟಿನಲ್ಲಿ ಬಣ್ಣ ನೋಡಿದಳು ಅಷ್ಟೆ ಎಂದು ಸಮಾಧಾನ ಮಾಡಿಕೊಂಡ. ಸಮಾಧಾನವಾಗಲಿಲ್ಲ.

ಹನೂರಿನಲ್ಲಿ ಡ್ರೈವರು ಇಂಜಿನ್ನಿಗೆ ನೀರು ಕುಡಿಸಲು ನಿಲ್ಲಿಸಿದ. ಬೆಟ್ಟಕ್ಕೆ ಹೋಗುವ ಜನ ಇಳಿದು ಬೇವಿನ ಮರದ ಕೆಳಗೆ ಚೆಲ್ಲಿಕೊಂಡರು. ಕೆಲವರು ತಮಿಳಿನಲ್ಲಿ, ಕೆಲವರು ಕನ್ನಡದಲ್ಲಿ, ಎರಡನ್ನೂ ಬೆರೆಸಿ ಇನ್ನು ಕೆಲವರು ಮಾದಪ್ಪನನ್ನು ಕರೆಯುತ್ತಿದ್ದರು. ಅವ್ವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಡಲು ಶುರುಮಾಡಿದಳು. "ದೇವ್ರ ಮುಂದೆ ಬಾಯ್ಬುಟ್ಟು ಹೇಳ್ಬೇಕು ಕಣಮ್ಮಿ. ಮನ್ಸಲ್ ಅಂದ್ಕಂಡ್ರೆ ಅವ್ನು ಒಪ್ಪಲ್ಲ. 'ಮುಟ್ಟಾಗಿದ್ದಾಗ ಉಳದ್ ಮನೆಗ್ ಓದೆ, ತಪ್ಪಾಯ್ತು ಮಾದಪ್ಪ' ಅಂತ, ನಿಂತಿರೋರ್ಗೆಲ್ಲ ಕೇಳಂಗೆ. ಎಲ್ಲಿ, ಒಂದ್ಕಿತ ಹೇಳು."

ಪಕ್ಕದಲ್ಲಿ ಬುತ್ತಿ ಬಿಚ್ಚಿದ್ದವರು ಕೈ ನಿಲ್ಲಿಸಿ ನೋಡಿದರು. ಸುವರ್ಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮುಟ್ಟಾಗಿದ್ದಾಗ..." ಎಂದಳು. ದನಿ ಹೊರಡಲಿಲ್ಲ. "ಜೋರಾಗ್ ಹೇಳು" ಎಂದಳು ಅವ್ವ. "ಮುಟ್ಟಾಗಿದ್ದಾಗ ಉಳದ್ ಮನೆಗೆ..."

"ಅವಳ್ ತಪ್ಪಲ್ಲ ಕಣವ್ವ."

ಹೇಳಿದ್ದು ತಾನೇ ಎಂದು ಗುರುಮಲ್ಲಪ್ಪನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ನಿಲ್ಲಿಸಲಾಗಲಿಲ್ಲ. "ತಪ್ಪು ನಂದು. ಆ ಮೂಡ್ಲ ಗೋಡೆ ಪಟದ ಇಂದ್ಗಡೆ ಮೈಲುತುತ್ತದ ಗೋಂದಿತ್ತು. ಬಿಸ್ಲಿಗೆ ಉದುರಿ ಸೊಪ್ಪಿನ್ ಮ್ಯಾಲ್ ಬಿದ್ದದೆ. ಅದ ತಿಂದು ಸತ್ತೊ." ಹೇಳುತ್ತ ಹೇಳುತ್ತ ಎದೆಯೊಳಗೆ ಎಂಥದೋ ಹಗುರ, ವಾರದಿಂದ ಇಲ್ಲದ ಹಗುರ. ತಾನು ಒಳ್ಳೆಯವನೇ, ಕೊನೆಗೂ ಒಳ್ಳೆಯವನೇ ಎನ್ನಿಸಿತು. ಅವ್ವ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಅವನ ಮುಖವನ್ನೇ ನೋಡಿದಳು.

"ಯಾವತ್ ಗೊತ್ತಾಯ್ತು?"

"ಸತ್ತ ದಿನ್ವೇ."

"ಅವತ್ತಿಂದ ಬಾಯಲ್ಲಿ ಏನ್ ಮಡಿಕಂಡಿದ್ದೆ?" ಅವ್ವ ಎದ್ದಳು, ಸೀರೆ ಕೊಡವಿದಳು. "ಊರ್ಗ್ ಓದೇಟ್ಗೆ ಗೋಡೇಲಿರವ್ನೆಲ್ಲ ಕಿತ್ತು ಒಲೆಗ್ ಆಕ್ತೀನಿ. ಒಂದೂ ಉಳಿಯಂಗಿಲ್ಲ. ಅರಕೆ ಒತ್ತಾಗದೆ, ಇಂದಕ್ ಓಗಂಗಿಲ್ಲ. ಉರುಳೋನು ನೀನು." ಆಮೇಲೆ ಸೊಸೆಯ ಕಡೆ ತಿರುಗಿ, "ಕೂದ್ಲು ಕಟ್ಕ ಅಮ್ಮಿ" ಎಂದಳು. ಅವ್ವನ ಬಾಯಿಂದ ಅದಕ್ಕಿಂತ ಮೆತ್ತಗಿನ ಮಾತು ಬರುವಂತಿರಲಿಲ್ಲ. ಸುವರ್ಣಮ್ಮ ಕೈಯೆತ್ತಿ ಕೂದಲು ಕಟ್ಟಿಕೊಂಡಳು, ಕಟ್ಟಿಕೊಳ್ಳುತ್ತಲೇ ಅಳತೊಡಗಿದಳು. ಹುಳ ಸತ್ತಾಗ ಅಳದವಳು, ಊರೆಲ್ಲ ಲೊಚಗುಟ್ಟಿದಾಗ ಅಳದವಳು. ಅಳಲಿ, ನೆಮ್ಮದಿಗೆ ಅಳುತ್ತಿದ್ದಾಳೆ ಎಂದುಕೊಂಡ ಗುರುಮಲ್ಲಪ್ಪ. ತನ್ನಿಂದ ಅವಳಿಗೆ ಬಿಡುಗಡೆಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ ಕೂಡ.

ಮುಂದಿನ ದಾರಿಗೆ ಅವ್ವ ಯಾರೋ ಮುದುಕಿಯ ಪಕ್ಕ ಕೂತಳು. ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ, ನಡುವೆ ಧೂಪದ ಬುಟ್ಟಿ, ಕೆಂಚಯ್ಯ ಕೊಟ್ಟ ಸುರುಳಿ. ಘಾಟಿಯ ಮೊದಲ ತಿರುವು ದಾಟಿದ ಮೇಲೆ ಅವಳು ಹೊರಗೆ ನೋಡುತ್ತಲೇ ಕೇಳಿದಳು. "ಯಾಕ್ ಹೇಳಕ್ ಓದ್ರಿ?"

"ನೀ ಮಾಡ್ದೆ ಇರ ತಪ್ಪ ಒಪ್ಕಳದು ನೋಡ್ಕಂಡ್ ಇರಕ್ಕಾಯ್ತದಾ?"

"ನಂಗ್ ಗೊತ್ತಿತ್ತು." ಬಸ್ಸು ಗೇರು ಬದಲಾಯಿಸಿ ಮುಲುಗಿತು. "ಮೊದಲ್ನೇ ತಟ್ಟೆ ಓದಾಗ್ಲೇ ಸೊಪ್ಪಿನ್ ಮ್ಯಾಲೆ ನೀಲಿ ಪುಡಿ ಕಂಡೆ. ಅತ್ತೆ ಕಾಣ್ದಂಗೆ ಸೆರಗಲ್ಲಿ ಒರ್ಸ್ಕಂಡೆ."

ಅವನು ಅವಳ ಸೆರಗನ್ನು ನೋಡಿದ. ತನ್ನ ಪಂಚೆಯನ್ನು ನೋಡಿಕೊಂಡ. ಒಂದೇ ಪುಡಿ, ಒಂದೇ ಗೋಡೆ, ಒಂದೇ ಮನೆಯಲ್ಲಿ ಇಬ್ಬರು ಕಳ್ಳರು. "ಮತ್ತೆ ಯಾಕ್ ಹೇಳ್ನಿಲ್ಲ?" ಎಂದ, ದನಿ ತನಗೇ ಕೇಳದಷ್ಟು ಸಣ್ಣಗೆ.

"ಹೇಳಿದ್ರೆ ಕಿಟಕಿಯಮ್ಮನ ಸುಟ್ಟಾಕೋರು. ನಂದೇನು, ಒಂದ್ ದಿನ ಉರುಳಿ ಎದ್ದಿದ್ರೆ ಮುಗ್ದೋಗದು. ಅವಳು ಉಳ್ಕಳೋಳು." ಕಿಟಕಿಯಮ್ಮ. ಹೆಂಡತಿ ಅವಳಿಗೆ ಹೆಸರಿಟ್ಟಿದ್ದಳು. ಸೊಪ್ಪು ಹೆಚ್ಚುವಾಗ, ಕಸ ತೆಗೆಯುವಾಗ, ಹೊರಗಿನ ಒಂದು ನರಪಿಳ್ಳೆಯೂ ಬರಕೂಡದ ಆ ಕತ್ತಲೆ ಮನೆಯಲ್ಲಿ ಸುವರ್ಣಮ್ಮನ ಜೊತೆ ಇದ್ದವಳು ಅವಳೊಬ್ಬಳೇ. ಗುರುಮಲ್ಲಪ್ಪನಿಗೆ ಹನೂರಿನ ಬೇವಿನ ಮರ, ತನ್ನ ಹಗುರ, ತನ್ನ ಹಿಗ್ಗು ಎಲ್ಲ ನೆನಪಾಗಿ ನಾಚಿಕೆಯಾಯಿತು. ಅವಳು ಮಾನ ಕೊಟ್ಟು ಉಳಿಸಿಕೊಳ್ಳಲು ಹೊರಟಿದ್ದನ್ನು ಅವನು ಒಂದು ಮಾತು ಕೇಳದೆ ಒಲೆಗೆ ಹಾಕಿಸಿದ್ದ, ಅದೂ ಒಳ್ಳೆಯವನೆನ್ನಿಸಿಕೊಂಡು.

"ಆ ಪಿಕ್ಚರ್ನಾಗೆ," ಅವಳು ತಡೆದು ತಡೆದು ಕೇಳಿದಳು, "ಕೊನ್ಗೆ ಅವ್ನು ಬತ್ತಾನಾ?"

ಬರುತ್ತಾನೆ ಎನ್ನುವುದು ಎಷ್ಟು ಸುಲಭವಿತ್ತು. "ನಾ ನೋಡ್ನಿಲ್ಲ" ಎಂದ. "ಆವತ್ತು ಉಳ ಅಣ್ಣಾಗಿದ್ವಲ್ಲ."

ಸುವರ್ಣಮ್ಮ ಮೊದಲ ಸಲ ಅವನ ಕಡೆ ತಿರುಗಿದಳು. ಒದ್ದೆ ಕಣ್ಣಿನಲ್ಲೇ ಸಣ್ಣ ನಗೆ ಬಂತು. "ಕತೇನೇ ಗೊತ್ತಿಲ್ದೋಳ್ನ ತಂದು ಗೋಡೆಗ್ ಕಟ್ಟುದ್ರಾ?" ಮತ್ತೆ ಹೊರಗೆ ನೋಡಿದಳು. "ನಾ ದಿನಾ ಅವಳ್ಗೆ ಹೇಳ್ತಿದ್ದೆ. ಬತ್ತಾನೆ, ಸುಮ್ಕಿರು. ಕೊಳ್ಳೇಗಾಲ್ದಿಂದ ತುಳ್ಕಂಡ್ ಬರ್ಬೇಕಲ್ಲ, ವತ್ತಾಯ್ತದೆ ಅಂತ. ನಿಮ್ ಸೈಕಲ್ ಬೆಲ್ ಕೇಳ್ತಿದ್ದಂಗೆ ಹೇಳದ್ನ ನಿಲ್ಸ್ತಿದ್ದೆ."

ಅವನು ನೆನೆದುಕೊಂಡ: ಹತ್ತು ವರ್ಷದ ಭಾನುವಾರಗಳು, ಹಿತ್ತಲ ಬಾಗಿಲು, ಬೆಲ್ಲು. ಒಳಗೆ ಬಂದವನೇ ಸುರುಳಿ ಬಿಚ್ಚಿ ಮೊಳೆ ಹುಡುಕುತ್ತಿದ್ದ. ಅವಳು ನೀರಿನ ಚೊಂಬು ಹಿಡಿದು ಹಿಂದೆ ನಿಂತಿರುತ್ತಿದ್ದಳು. ಹಿಂದೆ ನಿಂತವಳ ಮುಖ ಅವನು ನೋಡಿದ್ದನೇ? ಚೊಂಬು ನೆನಪಿದೆ, ಮುಖ ನೆನಪಿಗೆ ಬರಲಿಲ್ಲ. ಅದು ನೆನಪಿಗೆ ಬರಲಿ ಎಂದು ಘಾಟಿಯ ಉದ್ದಕ್ಕೂ ಅವನು ಪಕ್ಕದಲ್ಲೇ ಕೂತಿದ್ದ ಹೆಂಡತಿಗಾಗಿ ಹಂಬಲಿಸಿದ.

ಬೆಟ್ಟದ ಮೇಲೆ ಧೂಪದ ಹೊಗೆ, ಉಘೇ ಎನ್ನುವ ಜನ. ಅವನು ಮಿಂದು ಒದ್ದೆ ಪಂಚೆಯಲ್ಲಿ ಗುಡಿಯ ಮುಂದೆ ಉದ್ದಕ್ಕೆ ಮಲಗಿದ. "ದಾರಿ ತಪ್ದಂಗೆ ಪಕ್ಕದಲ್ ನಡಿ ಅಮ್ಮಿ" ಎಂದು ಅವ್ವ ಸೊಸೆಗೆ ಹೇಳಿದ್ದು ಕೇಳಿಸಿತು. ಉರುಳಿದ. ಕಲ್ಲು, ಆಕಾಶ, ಕಲ್ಲು. ನಡುನಡುವೆ ಅವಳ ಕಾಲು, ಸೀರೆಯಂಚು, ಎದೆಗವಚಿ ಹಿಡಿದ ಅವನ ಅಂಗಿ, ಅಂಗಿಯ ಜೊತೆ ಆ ಸುರುಳಿ. ಗುಡಿಯ ಹಿಂದಕ್ಕೆ ಬರುವಷ್ಟರಲ್ಲಿ ತಲೆ ತಿರುಗಿ, ಕಣ್ಣಿಗೆ ಮಣ್ಣು ಹೋಗಿ, ದಿಕ್ಕೇ ತಿಳಿಯದಾಯಿತು. ಜನರ ಕಾಲುಗಳ ನಡುವೆ ಅವಳ ಕಾಲು ಯಾವುದೋ. ಅವನು ಉರುಳುವುದನ್ನು ನಿಲ್ಲಿಸಿ ಅಂಗಾತ ಬಿದ್ದುಕೊಂಡ, ಮುಚ್ಚಿದ ಕಣ್ಣಿನಲ್ಲೇ ಕೈ ಚಾಚಿದ. ಜನರೆದುರಿಗೆ ಹೆಂಡತಿಯ ಹೆಸರು ಹಿಡಿದು ಎಂದೂ ಕರೆದವನಲ್ಲ.

"ಸುವರ್ಣಾ," ಎಂದ, "ಎಲ್ಲಿದ್ದೀಯೆ?"

"ಇಲ್ಲೇ ಇವ್ನಿ" ಎಂದಳು ಅವಳು, ತೀರ ಹತ್ತಿರದಿಂದ. "ಬನ್ನಿ."